ಬೆಳಕು ಯಾರ ಕೈಯಲ್ಲಿದೆ?

ಫೋಟೋ ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಕೊನೆಯ ತಲೆಮಾರು ಬಹುಶಃ ನಮ್ಮದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗಂತೂ ಈ ನಂಬಿಕೆ ಸಂಬಳದ ಜೊತೆಗೇ ಬಂದದ್ದು. ಸಹಿ ಬಾರದ ಖಾತೆದಾರರು ಹಣ ತೆಗೆಯಲು ಬಂದರೆ ಪಾಸ್‌ಬುಕ್ಕಿಗೆ ಅಂಟಿಸಿದ ಫೋಟೋ ನೋಡಬೇಕು, ಕೌಂಟರಿನಾಚೆ ನಿಂತ ಮುಖ ನೋಡಬೇಕು, ಎರಡೂ ಒಂದೇ ಅಂತ ಖಾತ್ರಿಯಾದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಅಂಥ ಫೋಟೋದಿಂದ ನಮಗೆ ಬೇಕಾದದ್ದು ಒಂದೇ: ಇವರು ಇವರೇ ಹೌದು ಎಂಬ ಸಾಕ್ಷಿ. ಅದಕ್ಕೆ ಹಿನ್ನೆಲೆ ಬಿಳಿಯಾಗಿರಬೇಕು, ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳಬೇಕು, ಮುಖದ ಮೇಲೆ ನೆರಳು ಕೂಡದು. ಪಾಸ್‌ಪೋರ್ಟಿನ ಫೋಟೋಕ್ಕೂ ಇದೇ ನಿಯಮ. ನೆರಳು ಅಂದರೆ ಅಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ.

ಈಗ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮೊಮ್ಮಕ್ಕಳು ತೆಗೆಯುವ ಫೋಟೋಗಳನ್ನು ನೋಡಿ. ಅರ್ಧ ಮುಖ ಕೆಂಪು, ಉಳಿದರ್ಧ ನೀಲಿ. ಇಲ್ಲವೇ ಒಂದು ಕಣ್ಣು, ಒಂದು ಕೆನ್ನೆ ಮಾತ್ರ ಬೆಳಕಿನಲ್ಲಿ, ಮಿಕ್ಕದ್ದೆಲ್ಲ ಕತ್ತಲಲ್ಲಿ. ಊರಿನಲ್ಲಿರುವ ನಿಮ್ಮ ಫೋನಿಗೂ ಇಂಥವು ಬಂದೇ ಬಂದಿರುತ್ತವೆ. “ಇದೆಂತ ಅಣ್ಣ, ಕರೆಂಟು ಹೋದಾಗ ತೆಗೆದದ್ದಾ?” ಎಂದು ನನ್ನ ತಮ್ಮ ಕುಂದಾಪುರದಿಂದ ಕೇಳಿದ್ದುಂಟು. ನಗುವ ಮಾತು ಹೌದು. ಆದರೆ ಆ ನಗೆಯ ಹಿಂದೆ ಒಂದು ಗಟ್ಟಿ ಪ್ರಶ್ನೆಯೂ ಇದೆ. ಒಬ್ಬ ಮನುಷ್ಯನ ಮುಖದ ಮೇಲೆ ಎಲ್ಲಿಂದಲೋ ಬಣ್ಣದ ಬೆಳಕನ್ನು ತಂದು ಚೆಲ್ಲಿ, ಬೇಡವಾದ ಭಾಗವನ್ನು ನೆರಳಿಗೆ ತಳ್ಳಿ, “ನೋಡಿ, ಇವರೇ ಅವರು” ಅನ್ನುವುದು ಪ್ರಾಮಾಣಿಕವಾದ ಕೆಲಸವೇ?

ನಾನು ಓದಿದ್ದು ಎಂ.ಕಾಂ. ಕ್ಯಾಮೆರಾದ ವಿದ್ಯೆ ನನ್ನದಲ್ಲ. ಆದರೂ ಈ ಪ್ರಶ್ನೆಗೆ ಹತ್ತಿರದ ಒಂದು ಮಾತು ನಮ್ಮ ಕಾಮರ್ಸಿನಲ್ಲೇ ಉಂಟು. ಕಂಪನಿಯ ಲೆಕ್ಕಪತ್ರ ನೋಡಿದ ಆಡಿಟರು ಕೊನೆಗೆ ಒಂದು ಮಾತು ಬರೆದು ಸಹಿ ಹಾಕುತ್ತಾರೆ. 1913ರ ಕಂಪನಿ ಕಾಯ್ದೆಯ ಕಾಲದಲ್ಲಿ ಅದು ‘ಟ್ರೂ ಅಂಡ್ ಕರೆಕ್ಟ್’ ಆಗಿತ್ತು, ಅಂದರೆ ಸತ್ಯವೂ ಸರಿಯೂ ಆದ ಚಿತ್ರ. 1956ರ ಕಾಯ್ದೆ ಅದನ್ನು ‘ಟ್ರೂ ಅಂಡ್ ಫೇರ್’ ಮಾಡಿತು, ಸತ್ಯವೂ ನ್ಯಾಯವೂ ಆದ ಚಿತ್ರ. ಒಂದೇ ಒಂದು ಪದದ ಬದಲಾವಣೆ. ಆದರೆ ಅದರ ಹಿಂದೆ ದೊಡ್ಡ ಅನುಭವ ಇತ್ತು. ಪ್ರತಿಯೊಂದು ಅಂಕಿಯೂ ಸರಿಯಾಗಿದ್ದು, ಒಟ್ಟು ಚಿತ್ರ ಮೋಸದ್ದಾಗಿರಬಹುದು. ಮಾರ್ಚ್ 31ರ ಒಂದು ದಿನದ ಮಟ್ಟಿಗೆ ಡಿಪಾಜಿಟ್ಟು ಉಬ್ಬಿಸಿ ತೋರಿಸುವ ‘ವಿಂಡೋ ಡ್ರೆಸಿಂಗ್’ ಬಗ್ಗೆ ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಆ ಹಣ ನಿಜವಾಗಿಯೂ ಅಲ್ಲಿರುತ್ತದೆ. ಅಂಕಿ ಸರಿ, ಚಿತ್ರ ತಪ್ಪು. ಹಾಗೆಯೇ ಬ್ಯಾಲೆನ್ಸ್ ಶೀಟಿನ ಕೆಲವು ಮೊತ್ತಗಳು ಬರೀ ಅಂದಾಜಿನವು. ಆದರೂ ಒಟ್ಟಿನಲ್ಲಿ ಸಂಸ್ಥೆಯ ಸ್ಥಿತಿ ಹೇಗಿದೆ ಎಂಬುದು ಓದಿದವರಿಗೆ ನ್ಯಾಯವಾಗಿ ತಿಳಿಯುತ್ತದೆ.

ಮುಖದ ಫೋಟೋಕ್ಕೂ ಈ ಎರಡು ಅಳತೆಗಳು ಬೇರೆ ಬೇರೆಯಾಗಿಯೇ ಇವೆ ಅಂತ ನನಗೆ ಅನ್ನಿಸುತ್ತದೆ. ಪಾಸ್‌ಬುಕ್ಕಿನ ಫೋಟೋ ‘ಸರಿ’ ಇದ್ದರೆ ಸಾಕು. ಗೋಡೆಗೆ ತೂಗುಹಾಕುವ, ಊರಿಗೆ ಕಳಿಸುವ, ಸತ್ತ ಮೇಲೆ ಹೂವು ಏರಿಸುವ ಫೋಟೋ ನ್ಯಾಯವಾಗಿಯೂ ಇರಬೇಕು. ನ್ಯಾಯ ಅಂದರೆ ಇಲ್ಲಿ ಏನು ಎಂಬುದೇ ಕಷ್ಟದ ಪ್ರಶ್ನೆ.

‘ಫೇರ್’ ಅಂದ ಕೂಡಲೇ ಬೆಳ್ಳಗಿರುವುದು ಎಂದು ತಿಳಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಮದುವೆಗೆ ಕಳಿಸುವ ಹುಡುಗಿಯರ ಫೋಟೋ ಹೇಗಿರುತ್ತಿತ್ತು ನೆನಪಿದೆಯಲ್ಲ? ಮುಖಕ್ಕೆ ಪೌಡರು, ಎರಡೂ ಕಡೆಯಿಂದ ದೊಡ್ಡ ದೀಪ, ಆಮೇಲೆ ನೆಗೆಟಿವ್ವಿನ ಮೇಲೆ ಪೆನ್ಸಿಲಿನಿಂದ ಟಚಪ್ಪು. ಅಲ್ಲಿ ನೆರಳು ಹುಡುಕಿದರೂ ಸಿಗುತ್ತಿರಲಿಲ್ಲ. ಬೆಳಕೋ ಬೆಳಕು. ಆದರೆ ಆ ಬೆಳಕೇ ಹುಡುಗಿಯ ಮೈಬಣ್ಣವನ್ನೂ, ಗಲ್ಲದ ಗುಳಿಯನ್ನೂ, ಕಣ್ಣಿನ ಕೆಳಗಿನ ಆಯಾಸವನ್ನೂ ಅಳಿಸಿ ಹಾಕುತ್ತಿತ್ತು. ಸಮನಾದ ಬಿಳಿ ಬೆಳಕು ನಿಷ್ಪಕ್ಷಪಾತಿ ಎಂಬುದು ನಮ್ಮ ಭ್ರಮೆ. ಕತ್ತಲು ಅಡಗಿಸುವ ಹಾಗೆ ಬೆಳಕೂ ಅಡಗಿಸುತ್ತದೆ.

ಇದು ನಮ್ಮ ಊರಿನ ಸ್ಟುಡಿಯೋಗಳ ಕಥೆ ಮಾತ್ರ ಅಲ್ಲ. ಕಲರ್ ಫಿಲ್ಮಿನ ಕಾಲದಲ್ಲಿ ಫೋಟೋ ಪ್ರಿಂಟು ಹಾಕುವ ಲ್ಯಾಬುಗಳಿಗೆ ಕೊಡಕ್ ಕಂಪನಿ ಒಂದು ಮಾದರಿ ಚಿತ್ರ ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಮೈಬಣ್ಣದ ಒಬ್ಬ ಹೆಣ್ಣುಮಗಳು. ‘ಶರ್ಲಿ ಕಾರ್ಡು’ ಎಂದೇ ಅದಕ್ಕೆ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣವೆಲ್ಲ ಸರಿಯಾಗಿದೆ ಎಂದು ಲೆಕ್ಕ. ಕಪ್ಪು ಮುಖಗಳು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಬಿಳಿಯರೂ ಕರಿಯರೂ ಒಟ್ಟಿಗೆ ನಿಂತ ಗುಂಪು ಫೋಟೋದಲ್ಲಿ ಕರಿಯರ ಹಲ್ಲು, ಕಣ್ಣು ಮಾತ್ರ ಕಾಣುತ್ತಿದ್ದವು. ಎಲ್ಲ ಬಗೆಯ ಮೈಬಣ್ಣದವರನ್ನು ಕೂರಿಸಿದ ಕಾರ್ಡುಗಳು ಬರಲು ದಶಕಗಳೇ ಹಿಡಿದವು. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಯಾವುದು ‘ಸರಿ’ ಎಂಬುದನ್ನು ಒಂದು ಮುಖಕ್ಕೆ ಅಳೆದು ಇಟ್ಟಿದ್ದರು, ಅಷ್ಟೆ.

ಹಾಗಾದರೆ ಸಹಜವಾದ ಬೆಳಕು ಅಂತ ಒಂದಿದೆಯೇ? ನಮ್ಮ ಡೊಂಬಿವಲಿಯ ಕಟ್ಟಡದಲ್ಲೇ ಇರುವ, ಕಾಲೇಜಿನಲ್ಲಿ ಫೋಟೋಗ್ರಫಿ ಕಲಿತ ಹುಡುಗಿಯೊಬ್ಬಳು ಒಂದು ಸಂಜೆ ನನಗೆ ಇದರ ಪಾಠ ಹೇಳಿದಳು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರಂತೆ. ಮೇಣದ ಬತ್ತಿಯದು ಸುಮಾರು 1900, ಹಳೆಯ ತಂತಿ ಬಲ್ಬಿನದು 2800ರ ಆಸುಪಾಸು, ನಡು ಹಗಲಿನ ಬಿಸಿಲಿನದು ಸುಮಾರು 5500. ನೀಲಿ ಆಕಾಶದ ಕೆಳಗಿನ ನೆರಳಿನದು ಇನ್ನೂ ಮೇಲೆ. ಅಂಕಿ ಏರಿದ ಹಾಗೆ ಬೆಳಕು ಕೆಂಪಿನಿಂದ ನೀಲಿಗೆ ಹೋಗುತ್ತದೆ. ದೇವರ ಕೋಣೆಯ ದೀಪದಲ್ಲಿ ಅಮ್ಮನ ಮುಖ ಕೆಂಪು ಕಿತ್ತಳೆ, ಅಂಗಳದ ಮರದಡಿಯಲ್ಲಿ ಅದೇ ಮುಖ ಕೊಂಚ ನೀಲಿ. ನಮಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಕಣ್ಣಿನ ಹಿಂದಿರುವ ಮಿದುಳು ತಾನೇ ಎಲ್ಲವನ್ನೂ ಹೊಂದಿಸಿಕೊಂಡು ಬಿಳಿ ಸೀರೆಯನ್ನು ಬಿಳಿ ಅಂತಲೇ ಓದುತ್ತದೆ. ಕ್ಯಾಮೆರಾಕ್ಕೆ ಮಾತ್ರ “ಇದನ್ನು ಬಿಳಿ ಅಂತ ತಿಳಿ” ಎಂದು ಹೇಳಿಕೊಡಬೇಕು. ಅಂದರೆ ಫೋಟೋ ತೆಗೆಯುವ ಮೊದಲೇ ಒಂದು ತೀರ್ಮಾನ ಆಗಿರುತ್ತದೆ.

ಆಮೇಲೆ ಅವಳು ಎರಡು ಟೇಬಲ್ ಲ್ಯಾಂಪು ತಂದಳು. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಪಾರದರ್ಶಕ ಹಾಳೆ ಕಟ್ಟಿದಳು. ಅದಕ್ಕೆ ಜೆಲ್ ಅನ್ನುತ್ತಾರೆ. ಎರಡು ಕಡೆಯಿಂದ ಗೋಡೆಯ ಮೇಲೆ ಬೆಳಕು ಹಾಯಿಸಿ, ನಡುವೆ ನನ್ನ ಪೆನ್ನು ಹಿಡಿಯಲು ಹೇಳಿದಳು. “ಅಂಕಲ್, ಈಗ ನೆರಳು ನೋಡಿ.” ಗೋಡೆಯ ಮೇಲೆ ಎರಡು ನೆರಳುಗಳಿದ್ದವು, ಒಂದೂ ಕಪ್ಪಾಗಿರಲಿಲ್ಲ. ಕೆಂಪು ದೀಪಕ್ಕೆ ಪೆನ್ನು ಅಡ್ಡ ಬಂದ ಕಡೆ ನೆರಳು ನೀಲಿ, ನೀಲಿಗೆ ಅಡ್ಡ ಬಂದ ಕಡೆ ಕೆಂಪು. ಒಂದು ದೀಪ ತಲುಪದ ಜಾಗಕ್ಕೆ ಇನ್ನೊಂದು ತಲುಪುತ್ತದೆ. ಎರಡೂ ತಲುಪದಿದ್ದರೆ ಮಾತ್ರ ಕಪ್ಪು. ಅರುವತ್ತು ದಾಟಿದ ಮೇಲೆ ಇಂಥದ್ದೊಂದು ಹೊಸದಾಗಿ ಕಂಡದ್ದಕ್ಕೆ ನನಗೆ ಖುಷಿಯೇ ಆಯಿತು. ದೀಪವನ್ನು ಎರಡರಷ್ಟು ದೂರ ಇಟ್ಟರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ, ಚಿಕ್ಕ ದೀಪದ ನೆರಳಿನ ಅಂಚು ಚೂರಿಯ ಹಾಗೆ, ದೊಡ್ಡ ಬಿಳಿ ಬಟ್ಟೆಯ ಮೂಲಕ ಬಂದ ಬೆಳಕಿನ ನೆರಳು ಹತ್ತಿಯ ಹಾಗೆ ಎಂಬುದನ್ನೂ ತೋರಿಸಿದಳು. ದೀಪವನ್ನು ಪಕ್ಕದಿಂದ ಸ್ವಲ್ಪ ಮೇಲಕ್ಕೆ ಇಟ್ಟರೆ, ನೆರಳಿನ ಬದಿಯ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನ ಬೆಳಗುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಿಂದ ಅದನ್ನು ಇವತ್ತಿಗೂ ಕರೆಯುತ್ತಾರೆ.

ಇದೆಲ್ಲ ಕೇಳುತ್ತಾ ನನಗೆ ಊರಿನ ಬಯಲಾಟ ನೆನಪಾಯಿತು. ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಚಿಟ್ಟಿ ಇಡುತ್ತಾರಲ್ಲ, ಕೆಂಪು ಕಪ್ಪು ಬಳಿಯುತ್ತಾರಲ್ಲ, ಅದು ದೊಂದಿಯ ಬೆಳಕಿಗಾಗಿ ಹುಟ್ಟಿದ ಮುಖ. ದೊಂದಿಯ ಕೆಂಪು ಬೆಳಕು ಅಲುಗಿದಾಗ ಆ ಮುಖ ಉಸಿರಾಡುತ್ತದೆ. ಅದನ್ನೇ ಮುಂಬಯಿಯ ಸಭಾಗೃಹದ ಬಿಳಿ ದೀಪದಲ್ಲಿ ನೋಡಿದರೆ ಹಿಟ್ಟು ಹಿಟ್ಟಾಗಿ ಕಾಣುತ್ತದೆ. ಯಾವ ಬೆಳಕಿನಲ್ಲಿ ಆ ರಕ್ಕಸ ನಿಜ? ಬಿಳಿ ದೀಪದಲ್ಲಿ ಎಂದು ಯಾರೂ ಹೇಳಲಾರರು.

ಬೆಳಕಿನ ಈ ಎರಡು ದಾರಿಗಳನ್ನು ನಡೆದು ತೋರಿಸಿದ ಇಬ್ಬರು ದೊಡ್ಡವರು ನಮ್ಮ ಮೈಸೂರಿನವರೇ. ಒಬ್ಬರು ವಿ.ಕೆ. ಮೂರ್ತಿ, ಹುಟ್ಟಿದ್ದು 1923ರ ನವೆಂಬರ್ 26. ಇನ್ನೊಬ್ಬರು ಟಿ.ಎಸ್. ಸತ್ಯನ್, ಅದೇ ವರ್ಷ ಡಿಸೆಂಬರ್ 18. ಒಂದು ತಿಂಗಳೂ ಅಂತರವಿಲ್ಲ. ಇಬ್ಬರೂ ಊರು ಬಿಟ್ಟರು. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದು ಗುರುದತ್ತರ ಕ್ಯಾಮೆರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದ ನಡುವೆ ಕಂಬದ ಹಾಗೆ ಇಳಿಯುವ ಬೆಳಕನ್ನು, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ಹಾಯಿಸಿ ಮಾಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಸತ್ಯನ್ ಅವರು ದಿಲ್ಲಿಯಲ್ಲಿ ನೆಲೆಸಿ ಪತ್ರಿಕೆಗಳಿಗೆ ಫೋಟೋ ತೆಗೆದರು. ರಸ್ತೆಯ ಮಕ್ಕಳು, ಹಳ್ಳಿಯ ಮುದುಕರು, ಶಾಲೆಯ ಬಾಗಿಲು. ಇದ್ದ ಬೆಳಕಿನಲ್ಲಿ, ಇದ್ದ ಹಾಗೆ. ಒಬ್ಬರು ಬೆಳಕನ್ನು ಕಟ್ಟಿದರು, ಇನ್ನೊಬ್ಬರು ಬೆಳಕಿಗಾಗಿ ಕಾದರು. ಇವರಲ್ಲಿ ಒಬ್ಬರು ಪ್ರಾಮಾಣಿಕರು, ಇನ್ನೊಬ್ಬರು ಅಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಸಿನಿಮಾ ನೋಡಲು ಕೂತವನಿಗೆ ಬೆಳಕು ಕಟ್ಟಿದ್ದು ಅಂತ ಗೊತ್ತೇ ಇರುತ್ತದೆ. ಗೊತ್ತಿರುವವನಿಗೆ ಅದು ಮೋಸವಾಗುವುದಿಲ್ಲ.

ಮೋಸ ಎಲ್ಲಿ ಶುರುವಾಗುತ್ತದೆ? ಎರಡು ಹೆಸರಾಂತ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 1963ರಲ್ಲಿ ಅಮೆರಿಕದ ಆರ್ನಾಲ್ಡ್ ನ್ಯೂಮನ್ ‘ನ್ಯೂಸ್‌ವೀಕ್’ ಪತ್ರಿಕೆಗಾಗಿ ಜರ್ಮನಿಯ ಕೈಗಾರಿಕೋದ್ಯಮಿ ಆಲ್‌ಫ್ರೀಡ್ ಕ್ರುಪ್‌ನ ಚಿತ್ರ ತೆಗೆದರು. ಕ್ರುಪ್ ಹಿಟ್ಲರನ ಕಾಲದಲ್ಲಿ ತನ್ನ ಕಾರ್ಖಾನೆಗಳಲ್ಲಿ ಸೆರೆಯಾಳುಗಳನ್ನು ಗುಲಾಮರಂತೆ ದುಡಿಸಿದವನು. 1948ರಲ್ಲಿ ನ್ಯೂರೆಂಬರ್ಗಿನಲ್ಲಿ ಹನ್ನೆರಡು ವರ್ಷ ಶಿಕ್ಷೆಯಾಗಿ, 1951ರಲ್ಲೇ ಬಿಡುಗಡೆಯಾಗಿ, ಆಸ್ತಿಯನ್ನೂ ವಾಪಸು ಪಡೆದಿದ್ದ. ನ್ಯೂಮನ್ ಯಹೂದಿ. ಕಾರ್ಖಾನೆಯ ಹಿನ್ನೆಲೆಯಲ್ಲಿ ಕ್ರುಪ್‌ನನ್ನು ಕೂರಿಸಿ, ಎರಡೂ ಪಕ್ಕಗಳಿಂದ ಬೆಳಕು ಬಿಟ್ಟು, ಮುಖದ ನಡುವೆ ನೆರಳು ತುಂಬಿ, ಕೊಂಚ ಮುಂದೆ ಬಾಗಲು ಹೇಳಿದರು. ಹಸಿರು ಛಾಯೆಯ ಆ ಚಿತ್ರದಲ್ಲಿ ಕ್ರುಪ್ ಪಾತಾಳದಿಂದ ಎದ್ದು ಬಂದ ಹಾಗೆ ಕಾಣುತ್ತಾನೆ.

ಎರಡನೆಯದು 1994ರದು. ಕೊಲೆ ಆರೋಪದ ಮೇಲೆ ಬಂಧಿತನಾದ ಅಮೆರಿಕದ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ‘ಟೈಮ್’ ಪತ್ರಿಕೆ ಜೂನ್ 27ರ ಸಂಚಿಕೆಯ ಮುಖಪುಟಕ್ಕೆ ಹಾಕಿತು. ಅದೇ ವಾರ ‘ನ್ಯೂಸ್‌ವೀಕ್’ ಕೂಡ ಅದೇ ಫೋಟೋ ಹಾಕಿತ್ತು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಇದ್ದುದರಿಂದ ಜನರಿಗೆ ವ್ಯತ್ಯಾಸ ಕಂಡಿತು. ‘ಟೈಮ್’ನ ಚಿತ್ರದಲ್ಲಿ ಅವನ ಮುಖವನ್ನು ಇನ್ನಷ್ಟು ಕಪ್ಪಾಗಿಸಿ, ಸುತ್ತ ನೆರಳು ತುಂಬಿದ್ದರು. ವಿಚಾರಣೆ ಶುರುವಾಗುವ ಮೊದಲೇ ನೆರಳು ತೀರ್ಪು ಕೊಟ್ಟಾಗಿತ್ತು. ಕಪ್ಪು ಬಣ್ಣ ಅಂದರೆ ಅಪರಾಧ ಎಂಬ ಹಳೆಯ ಪೂರ್ವಗ್ರಹಕ್ಕೆ ಎಣ್ಣೆ ಎರೆದಂತಾಯಿತು ಎಂದು ಜನ ಸಿಟ್ಟಾದರು. ಮರುವರ್ಷ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಆ ತೀರ್ಪಿನ ಬಗ್ಗೆ ವಾದ ಇಂದಿಗೂ ಇದೆ. ಆದರೆ ಮುಖಪುಟದ ಬಗ್ಗೆ ನನಗೆ ಗೊಂದಲವಿಲ್ಲ.

ಎರಡರಲ್ಲೂ ನೆರಳೇ ತೀರ್ಪುಗಾರ. ಆದರೂ ಎರಡೂ ಒಂದೇ ತೂಕದವಲ್ಲ. ಕ್ರುಪ್ ವಿಚಾರದಲ್ಲಿ ನ್ಯಾಯಾಲಯ ಮೊದಲೇ ಹೇಳಿದ್ದನ್ನು ಬೆಳಕು ಮತ್ತೆ ಹೇಳಿತು. ಸಿಂಪ್ಸನ್ ವಿಚಾರದಲ್ಲಿ ಯಾರೂ ಇನ್ನೂ ಹೇಳದೆ ಇದ್ದದ್ದನ್ನು ಹೇಳಿತು. ಕ್ರುಪ್ ದೀಪದ ಎದುರು ಕೂತಿದ್ದ. ಅವು ಎಲ್ಲಿವೆ ಎಂಬುದು ಅವನಿಗೆ ಕಾಣುತ್ತಿತ್ತು, ಎದ್ದು ಹೋಗುವ ಶಕ್ತಿಯೂ ಅವನಿಗಿತ್ತು. ಸಿಂಪ್ಸನ್ ಮುಖ ಕಪ್ಪಾಗುವಾಗ ಸಿಂಪ್ಸನ್ ಅಲ್ಲಿರಲೇ ಇಲ್ಲ. ಅದು ಸುದ್ದಿ ಪತ್ರಿಕೆಯ ಮುಖಪುಟ, ಪೊಲೀಸರ ಫೋಟೋ. ಅಂದರೆ ‘ಸರಿ’ಯ ಲೆಕ್ಕದಲ್ಲಿ ಬರಬೇಕಾದ ಚಿತ್ರ. ಕ್ರುಪ್ ಚಿತ್ರದ ವಿಷಯದಲ್ಲೂ ನನಗೆ ಪೂರ್ತಿ ನೆಮ್ಮದಿ ಇಲ್ಲ. ಕೂರಿಸಿದವನಿಗೆ ತಿಳಿಯದ ಉದ್ದೇಶ ಇಟ್ಟುಕೊಂಡು ಅವನನ್ನು ಕೂರಿಸುವುದು ಒಂದು ಬಗೆಯ ವಿಶ್ವಾಸಭಂಗವೇ. ಗುಲಾಮರಾಗಿ ಸತ್ತವರ ಪರವಾಗಿ ಒಬ್ಬ ಅಷ್ಟು ಮಾಡಿದರೆ ನಾನು ಬೆರಳು ತೋರಿಸಲಾರೆ, ಆದರೆ ಅದನ್ನೇ ನಿಯಮವಾಗಿಸಿ ಅಂತ ಹೊಸಬರಿಗೆ ಹೇಳಲೂ ಆರೆ.

ಹೀಗೆ ಯೋಚಿಸುವಾಗ ನಿಮಗೆಲ್ಲ ಗೊತ್ತಿರುವ ಒಂದು ಚಿತ್ರ ಎದುರು ಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ. ಅದನ್ನು ರವಿವರ್ಮನದು ಅಂದುಕೊಂಡವರು ಬಹಳ ಮಂದಿ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಳದಣಕರ್. ರೂಪದರ್ಶಿಯಾಗಿ ನಿಂತದ್ದು ಅವರ ಮಗಳು ಗೀತಾ. ನಮ್ಮ ದೇಶದ ಹಳೆಯ ಚಿಕಣಿ ಚಿತ್ರಗಳಲ್ಲಿ ಬೀಳುವ ನೆರಳನ್ನು ಸಾಮಾನ್ಯವಾಗಿ ಬರೆಯುತ್ತಿರಲಿಲ್ಲ. ಅಲ್ಲಿ ಎಲ್ಲರ ಮೇಲೂ ಸಮನಾದ ಬೆಳಕು. ಯುರೋಪಿನ ನೆರಳು ಬೆಳಕನ್ನು ರವಿವರ್ಮ ಮನೆ ಮನೆಗೆ ತಂದ. ಅವನ ಛಾಪಖಾನೆ 1894ರಲ್ಲಿ ಶುರುವಾದದ್ದೂ ಮುಂಬಯಿಯಲ್ಲೇ. ಹಳದಣಕರರ ಜಲವರ್ಣದಲ್ಲಿ ಆ ನೆರಳು ಬೆಳಕು ಒಂದು ಹೆಣ್ಣಿನ ಅಂಗೈಯೊಳಗೆ ಬಂದು ಕೂತಿತು. ಬೆರಳುಗಳ ಸಂದಿನಲ್ಲಿ ಕೆಂಪಾಗಿ ಹಾಯುವ ಬೆಳಕು, ಮುಖದ ಮೇಲೆ ಹೊನ್ನಿನ ಬಣ್ಣ, ಸೀರೆಯ ಹಿಂದೆ ಕತ್ತಲು. ಬಣ್ಣದ ಬೆಳಕೂ ಉಂಟು, ನೆರಳೂ ಉಂಟು. ಆದರೂ ಆ ಚಿತ್ರ ಮೋಸ ಎಂದು ಯಾರಿಗೂ ಅನ್ನಿಸಿಲ್ಲ. ಯಾಕೆ? ದೀಪ ಅವಳ ಕೈಯಲ್ಲೇ ಇದೆ. ಎಷ್ಟು ಬೆಳಕು ಮುಖಕ್ಕೆ ಬೇಕು, ಎಷ್ಟು ಬೇಡ ಎಂಬುದನ್ನು ಅಡ್ಡ ಹಿಡಿದ ಅವಳ ಕೈಯೇ ತೀರ್ಮಾನಿಸುತ್ತಿದೆ.

ಇದೇ ನನಗೆ ಸಿಕ್ಕಿದ ಅಳತೆಗೋಲು. ಬೆಳಕು ಬಿಳಿಯೋ ಬಣ್ಣವೋ ಎಂಬುದಲ್ಲ, ಅದು ಯಾರ ಕೈಯಲ್ಲಿದೆ ಎಂಬುದು.

ಆದರೆ ಅಳತೆಗೋಲು ಸಿಕ್ಕಿದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ನನಗೆ ಪಾಠ ಹೇಳಿದ ಆ ಹುಡುಗಿಯ ಅಜ್ಜ ಎರಡು ವರ್ಷಗಳ ಹಿಂದೆ ತೀರಿಕೊಂಡರು. ಕಾರ್ಕಳದ ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಕೋಟೆ ಪ್ರದೇಶದ ಹೋಟೆಲಿಗೆ ಟೇಬಲ್ ಒರೆಸಲು ಬಂದವರು. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಮುಂದೆ ಕ್ಯಾಂಟೀನು ಕಂತ್ರಾಟು ಹಿಡಿದು, ಆಮೇಲೆ ಸ್ವಂತ ಹೋಟೆಲು ಮಾಡಿದರು. ಹತ್ತೊಂಬತ್ತರ ಪ್ರಾಯದಲ್ಲಿ ಕಾದ ಎಣ್ಣೆ ಸಿಡಿದು ಎಡಗೆನ್ನೆ, ಕುತ್ತಿಗೆ ಸುಟ್ಟಿತ್ತು. ಆ ವರ್ಷಗಳಲ್ಲಿ ಊರಿಗೆ ಕಳಿಸಿದ ಫೋಟೋಗಳಲ್ಲೆಲ್ಲ ಬಲಗೆನ್ನೆ ಮಾತ್ರ. ಎರಡು ವರ್ಷ ಬಿಟ್ಟು ಊರಿಗೆ ಹೋದಾಗ, ದೀಪಾವಳಿಯ ಪಟಾಕಿಯಿಂದ ಆದದ್ದು ಅಂತ ಅಮ್ಮನಿಗೆ ಹೇಳಿದರು. ಬಾಣಲೆಯ ಎಣ್ಣೆ ಎಂದಿದ್ದರೆ ಅವರು ಮಗನನ್ನು ವಾಪಸು ಕಳಿಸುತ್ತಿರಲಿಲ್ಲ. ಊರಿನಲ್ಲಿ ಕೊನೆಯ ತನಕ ಅದು ಪಟಾಕಿಯ ಗಾಯವೇ.

ಮೊಮ್ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಅಜ್ಜನ ಫೋಟೋ ತೆಗೆದಾಗ ಒಂದು ಕಡೆಯಿಂದ ಕೆಂಪು ಬೆಳಕು ಬಿಟ್ಟಿದ್ದಳು, ಇನ್ನೊಂದು ಕಡೆ ಮಂದವಾದ ನೀಲಿ. ಅವಳು ದೀಪ ಇಟ್ಟದ್ದು ಬಲಗಡೆಗೆ. ಅಜ್ಜ ಎದ್ದು ಅದನ್ನು ಎಡಕ್ಕೆ ಇಡಿಸಿದರಂತೆ. “ಒಲೆ ಇದ್ದದ್ದು ಈ ಕಡೆ ಮಗಾ.” ಕೆಂಪು ಬೆಳಕು ಆ ಗಾಯದ ಮೇಲೆ ಓರೆಯಾಗಿ ಬಿದ್ದು ಅದರ ಒಂದೊಂದು ಸುಕ್ಕೂ ಕಾಣುತ್ತದೆ. ಕಣ್ಣು ಮಾತ್ರ ಶಾಂತ.

ಅವರು ಹೋದ ಮೇಲೆ ಯಾವ ಫೋಟೋಕ್ಕೆ ಹಾರ ಹಾಕುವುದು ಎಂಬ ಮಾತು ಬಂತು. ಇನ್ನೊಂದು ಫೋಟೋ ಇತ್ತು. ಸ್ಟುಡಿಯೋದ್ದು, ಕೋಟು ಹಾಕಿದ್ದು, ಬೆಳಕು ಸಮನಾಗಿ ಬಿದ್ದು ಟಚಪ್ಪಿನಲ್ಲಿ ಗಾಯ ಮಾಯವಾದದ್ದು. ಊರಿನಿಂದ ಬಂದ ಅಣ್ಣನ ಮಕ್ಕಳು ಕೆಂಪು ಚಿತ್ರ ನೋಡಿ ಬೇಡವೇ ಬೇಡ ಅಂದರು. “ಚಿಕ್ಕಪ್ಪ ಮುಂಬಯಿಯಲ್ಲಿ ಹೋಟೆಲಿನ ಧನಿ ಅಂತ ಊರಿಗೆ ಗೊತ್ತು. ಅವರನ್ನು ಪುನಃ ಒಲೆಯ ಮುಂದೆ ನಿಲ್ಲಿಸುವುದು ಎಂತಕ್ಕೆ?” ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಮೊಮ್ಮಗಳು, “ಅಜ್ಜನೇ ದೀಪ ಇಡಿಸಿದ್ದು” ಅಂದಳು. ಬ್ಯಾಂಕಿನವರು, ನಾಲ್ಕು ಜನರ ಮಾತು ಕೇಳಿ ಹೇಳಬಲ್ಲವರು ಎಂದು ನನ್ನನ್ನು ಕರೆದರು.

ನಾನು ಹೇಳಿದ್ದು ಇಷ್ಟು. ಗಿರಾಕಿಯ ಲೆಕ್ಕದ ಗುಟ್ಟನ್ನು ಕಾಯುವ ಹೊಣೆ ಖಾತೆ ಮುಚ್ಚಿದ ಮೇಲೂ ಬ್ಯಾಂಕಿನ ಮೇಲಿರುತ್ತದೆ. ಅವರು ಮೊಮ್ಮಗಳ ಎದುರು ಎಡಗೆನ್ನೆ ತೋರಿಸಿ ಕೂತರು. ಆ ಚಿತ್ರ ಈ ಮನೆಯ ಗೋಡೆಗೆ ಸಲ್ಲುತ್ತದೆ. ಊರಿಗೆ ಅವರು ಜೀವನವಿಡೀ ಬೇರೆ ಮುಖ ಕಳಿಸಿದರು. ಊರಿನ ಗೋಡೆಗೆ ಅದೇ ಇರಲಿ. ಎರಡೂ ಕಡೆ ದೀಪ ಅವರ ಕೈಯಲ್ಲೇ ಇದ್ದ ಹಾಗಾಯಿತು.

ಎಲ್ಲರೂ ತಲೆಯಾಡಿಸಿದರು, ಅವರ ಹೆಂಡತಿ ಒಬ್ಬರನ್ನು ಬಿಟ್ಟು. ಅವರು ಕೆಂಪು ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. “ರಾಯರೇ, ಒಂದೇ ಕೋಣೆಯ ಚಾಳಿನಲ್ಲಿ ನಾವು ಹದಿನೆಂಟು ವರ್ಷ ಇದ್ದೆವು. ಇವರು ಹೋಟೆಲು ಮುಚ್ಚಿ ಬರುವಾಗ ರಾತ್ರಿ ಹನ್ನೆರಡು. ಮಕ್ಕಳು ಮಲಗಿರುತ್ತಿದ್ದವು, ದೊಡ್ಡ ದೀಪ ಹಾಕುವ ಹಾಗಿರಲಿಲ್ಲ. ಕೆಂಪು ಜೀರೋ ಬಲ್ಬಿನಲ್ಲೇ ಊಟ ಬಡಿಸಿದ್ದು. ಇವರ ಮುಖ ನನಗೆ ಗೊತ್ತಿರುವುದೇ ಈ ಬಣ್ಣದಲ್ಲಿ. ಆ ಕೋಟಿನವರು ಯಾರೋ ಏನೋ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: “ಮತ್ತೆ ಈ ಗಾಯ ಮುಚ್ಚಿಟ್ಟದ್ದು ಅತ್ತೆಗಾಗಿ. ಅತ್ತೆ ಹೋಗಿ ಇಪ್ಪತ್ತು ವರ್ಷ ಆಯಿತು. ಇನ್ನು ಯಾರಿಗಾಗಿ ಮುಚ್ಚಿಡುವುದು?”

ನನ್ನ ಸಲಹೆ ನಿಯಮಕ್ಕೆ ಸರಿಯಾದದ್ದು ಎಂದು ಈಗಲೂ ನಂಬಿದ್ದೇನೆ. ಆದರೆ ಅವರ ಮಾತು ನಿಯಮದ ಆಚೆಗೆ ಹೋಗುತ್ತದೆ. ಮುಚ್ಚಿಡುವುದು ಒಂದು ಸಾಲದ ಹಾಗೆ. ಯಾರೋ ಒಬ್ಬರಿಗೆ ಸಲ್ಲಬೇಕಾದದ್ದು. ಆ ಒಬ್ಬರು ಇಲ್ಲವಾದ ಮೇಲೂ ಅ‌ದು ಮುಂದುವರಿದರೆ, ಅದು ಪ್ರೀತಿಯಾಗಿ ಉಳಿಯುತ್ತದೋ, ಬರೀ ಮರ್ಯಾದೆಯ ಪ್ರಶ್ನೆಯಾಗುತ್ತದೋ? ಊರು ಬಿಟ್ಟು ಬಂದ ನಾವೆಲ್ಲರೂ ಮನೆಯವರು ನೊಂದುಕೊಳ್ಳಬಾರದು ಅಂತ ಬಲಗೆನ್ನೆಯ ಫೋಟೋ ಕಳಿಸಿದವರೇ. ಕೊಂಚ ಕಾಲವಾದ ಮೇಲೆ ಆ ಫೋಟೋವೇ ನಮ್ಮ ಅಂತಸ್ತಾಗುತ್ತದೆ. ಎಡಗೆನ್ನೆ ತೋರಿಸಿದರೆ ಅಂತಸ್ತು ಹೋದೀತು ಎಂಬ ಭಯ ಹುಟ್ಟುತ್ತದೆ. ಹಾಗೆಂದು ಎಲ್ಲ ಗಾಯಗಳನ್ನೂ ಎಲ್ಲರೆದುರು ಬೆಳಗಬೇಕು ಎಂದೂ ನಾನು ಹೇಳುವುದಿಲ್ಲ. ಗಾಯವನ್ನೇ ಚಂದ ಮಾಡಿ ಪ್ರದರ್ಶನಕ್ಕಿಡುವ ಬೆಳಕೂ ಒಂದಿದೆ. ಬಡವರ ಮುಖಗಳ ಮೇಲೆ ಅದನ್ನು ಬೀಳಿಸಿ ಬಹುಮಾನ ಪಡೆದವರೂ ಇದ್ದಾರೆ. ಆ ಮುಖಗಳ ಒಡೆಯರು ದೀಪ ಎಲ್ಲಿಡಬೇಕು ಎಂದು ಹೇಳಿದ್ದರೇ, ಹೇಳಲು ಅವರಿಗೆ ಆಗುತ್ತಿತ್ತೇ ಎಂದು ನಾವು ಕೇಳಬೇಕು.

ಕೆಂಪು ಚಿತ್ರ ಕಾರ್ಕಳಕ್ಕೆ ಹೋಯಿತು. ಹೊರಗಿನ ಚಾವಡಿಯಲ್ಲಿ ಅಣ್ಣನ ಮಕ್ಕಳು ಕೋಟಿನ ಫೋಟೋ ಹಾಕಿದ್ದಾರೆ. ಕೆಂಪಿನದು ಒಳಕೋಣೆಯಲ್ಲಿ, ಅವರ ಅಮ್ಮನ ಫೋಟೋದ ಪಕ್ಕ. ಊರಿನ ಪತ್ರಿಕೆಗೆ ಕೊಟ್ಟ ಶ್ರದ್ಧಾಂಜಲಿಗೂ ಕೋಟಿನದೇ ಆಯಿತು, ಯಾಕೆಂದರೆ ಕಪ್ಪು ಬಿಳುಪಿನಲ್ಲಿ ಕೆಂಪು ಬರೀ ಮಸಿಯಾಗುತ್ತದೆ. ಯಾರೂ ಪೂರ್ತಿ ಗೆಲ್ಲಲಿಲ್ಲ. ಮುಖದ ಲೆಕ್ಕ ಅಷ್ಟು ಸುಲಭವಾಗಿ ತಾಳೆಯಾಗುವಂಥದ್ದಲ್ಲ.

ಊರಿನಲ್ಲಿರುವ ನಿಮಗೆ, ದೂರದಿಂದ ಬರುವ ಫೋಟೋ ನೋಡಲು ಉಪಯೋಗವಾಗುವ ಒಂದು ಚಿಕ್ಕ ವಿದ್ಯೆ ಹೇಳುತ್ತೇನೆ. ಇದನ್ನೂ ಆ ಹುಡುಗಿಯೇ ಕಲಿಸಿದ್ದು. ಮುಖದ ಬಣ್ಣ, ಬಟ್ಟೆ, ಹಿಂದಿನ ಗೋಡೆ ಎಲ್ಲ ಆಮೇಲೆ ನೋಡಿ. ಮೊದಲು ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಕಣ್ಣಿನ ಕಪ್ಪು ಗುಡ್ಡೆಯನ್ನು ನೋಡಿ. ಅಲ್ಲಿ ಒಂದು ಬೆಳಕಿನ ಚುಕ್ಕೆ ಇರುತ್ತದೆ. ಕಿಟಕಿಯಿಂದ ಬಂದ ಬೆಳಕಾದರೆ ಸಣ್ಣ ಕಿಟಕಿಯೇ ಅಲ್ಲಿ ಮೂಡಿರುತ್ತದೆ, ಸರಳುಗಳ ಸಮೇತ. ಉಂಗುರದ ಹಾಗಿನ ದೀಪವಾದರೆ ಉಂಗುರ. ಎರಡು ದೀಪವಾದರೆ ಎರಡು ಚುಕ್ಕೆ, ಆಯಾ ಬಣ್ಣದ್ದೇ. ತೆಗೆದವರು ದೀಪವನ್ನು ಚೌಕಟ್ಟಿನ ಆಚೆಗೆ ಅಡಗಿಸಿರುತ್ತಾರೆ, ಆದರೆ ಕೂತವರ ಕಣ್ಣು ಅದರ ಜಾಗವನ್ನು ಬರೆದಿಟ್ಟುಕೊಂಡಿರುತ್ತದೆ. ಬೆಳಕು ಎಲ್ಲಿತ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದನ್ನು ಅಲ್ಲಿ ಇಟ್ಟವರು ಯಾರು ಎಂಬುದನ್ನು ಫೋನು ಮಾಡಿ ಕೇಳಿ. ನಿಮ್ಮವರು ಹೇಳುತ್ತಾರೆ, ಕೇಳುವವರಿಗಾಗಿ ಎಷ್ಟೋ ವರ್ಷಗಳಿಂದ ಕಾಯುತ್ತಲೂ ಇರಬಹುದು.